ಮೂರೂವರೆ ಅಡಿ ಓದುಗ, ಏಳು ಅಡಿ ಬೀರು

ಕಲಬುರಗಿಯ ನಮ್ಮ ಬಡಾವಣೆಗೆ ಮಕ್ಕಳ ಗ್ರಂಥಾಲಯ ಬರುತ್ತದೆ ಎಂದಾಗ ಸಲಹಾ ಸಮಿತಿಗೆ ನನ್ನನ್ನೂ ಸೇರಿಸಿಕೊಂಡರು. ನಲವತ್ತು ವರ್ಷಗಳ ಹಿಂದೆ ಮೊಲದ ಮೇಲೆ ಒಂದು ಪದ್ಯ ಬರೆದದ್ದು ನನ್ನ ಅರ್ಹತೆ. ಉಳಿದ ಹತ್ತು ಮಂದಿಗೆ ಆ ಕಳಂಕವೂ ಇರಲಿಲ್ಲ. ಸಮಿತಿಯ ಅತ್ಯಂತ ಕಿರಿಯ ಸದಸ್ಯರಿಗೆ ಆಗಷ್ಟೇ ಮೊಮ್ಮಗ ಹುಟ್ಟಿದ್ದ. ಮಕ್ಕಳ ವಿಷಯದಲ್ಲಿ ಅವರದೇ ಕೊನೆಯ ಮಾತು ಎಂದು ಎಲ್ಲರೂ ಒಪ್ಪಿದೆವು.

ಯೋಜನೆಯ ಘೋಷವಾಕ್ಯ ‘ಆಡುತ್ತ ಕಲಿ’. ಮೊದಲ ಸಭೆ ಪೂರ್ತಿ ಉದ್ಘಾಟನೆಯ ಕಲ್ಲಿಗೇ ಖರ್ಚಾಯಿತು. ಯಾರ ಹೆಸರು ಮೇಲೆ, ಯಾರದು ಕೆಳಗೆ, ಯಾರಿಗೆ ‘ಸನ್ಮಾನ್ಯ’, ಯಾರಿಗೆ ಬರೀ ‘ಶ್ರೀ’? ಎರಡು ಸುತ್ತು ಚಹಾ ಮುಗಿದರೂ ಇತ್ಯರ್ಥವಾಗಲಿಲ್ಲ. ಕೊನೆಗೆ ಯಾರನ್ನೂ ನೋಯಿಸುವುದು ಬೇಡವೆಂದು ಇಪ್ಪತ್ತಮೂರು ಹೆಸರುಗಳ ಕರಿಕಲ್ಲನ್ನು ಕೆತ್ತಿಸಿದೆವು. ಹೆಸರುಗಳು ಹೆಚ್ಚಾದ್ದರಿಂದ ಕಲ್ಲು ಹೆಚ್ಚುಕಡಿಮೆ ನೆಲದಿಂದಲೇ ಶುರುವಾಗುತ್ತದೆ. ಇಡೀ ಕಟ್ಟಡದಲ್ಲಿ ಮಗುವಿನ ಕಣ್ಣಿನ ಮಟ್ಟಕ್ಕೆ ಸಿಗುವ ಸಾಹಿತ್ಯ ಅದೊಂದೇ.

ಪುಸ್ತಕದ ಬೀರುಗಳು ಏಳು ಅಡಿ. ಅಳತೆ ತೆಗೆದುಕೊಳ್ಳಲು ಬಂದ ಬಡಗಿ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, “ಓದುವವರ ಎತ್ತರ ಎಷ್ಟು ಸಾಹೇಬರೆ?” ಎಂದು ಕೇಳಿದ. ಸಭೆ ಸ್ತಬ್ಧವಾಯಿತು. ಒಂದನೆಯ ತರಗತಿಯ ಮಗು ಮೂರೂವರೆ ಅಡಿ, ಬಹಳವೆಂದರೆ ಮೂರುಮುಕ್ಕಾಲು ಅಡಿ ಇದ್ದೀತು ಎಂದೆ. “ಮಕ್ಕಳು ಬೆಳೆಯುತ್ತಾರೆ, ಬೀರು ಬೆಳೆಯುತ್ತದೆಯೇ?” ಎಂದರು ಅಧ್ಯಕ್ಷರು. ಬಡಗಿ ಅಧ್ಯಕ್ಷರನ್ನೇ ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ಏಳು ಅಡಿ ಎಂದು ಬರೆದುಕೊಂಡ.

ಅಕ್ಷರ ಇನ್ನೂ ಕೂಡದ ಮಗು ಪುಸ್ತಕವನ್ನು ಆರಿಸುವುದು ರಕ್ಷಾಪುಟದ ಚಿತ್ರ ನೋಡಿ. ಪುಸ್ತಕಗಳನ್ನು ಮುಖ ಕಾಣುವಂತೆ ತಗ್ಗಿನಲ್ಲಿ ಇಡಬೇಕು, ಬೆನ್ನು ತೋರಿಸಿ ಒತ್ತಿಡಬಾರದು ಎಂದೂ ಹೇಳಿ ನೋಡಿದೆ. ಸೂಪರ್ ಮಾರ್ಕೆಟ್‌ನಲ್ಲಿ ಬದನೆಕಾಯಿ ಮಾರುವಾಕೆಗೆ ಇದು ಗೊತ್ತಿದೆ. ಸಮಿತಿಗೆ ಮಾತ್ರ ಅದು ಜಾಗದ ದುಂದುವೆಚ್ಚವಾಗಿ ಕಂಡಿತು. ಮೇಲಾಗಿ ಬೀರುವಿಗೆ ಗಾಜಿನ ಬಾಗಿಲು, ಬಾಗಿಲಿಗೆ ಬೀಗ, ಬೀಗದ ಕೈ ಗ್ರಂಥಪಾಲಕರ ಮೇಜಿನ ಖಾನೆಯಲ್ಲಿ, ಆ ಖಾನೆಗೆ ಇನ್ನೊಂದು ಬೀಗ. ಗ್ರಂಥಪಾಲಕರನ್ನು ಬಯ್ಯಲು ನನಗೆ ಮನಸ್ಸಿಲ್ಲ. ವರ್ಷದ ಕೊನೆಗೆ ದಾಸ್ತಾನು ಎಣಿಸುವಾಗ ಕಳೆದ ಪುಸ್ತಕಕ್ಕೂ ಹರಿದ ಪುಸ್ತಕಕ್ಕೂ ಉತ್ತರ ಹೇಳಬೇಕಾದವರು ಅವರೇ. ಯಾರೂ ಮುಟ್ಟದ ಪುಸ್ತಕದ ಬಗ್ಗೆ ಮಾತ್ರ ಯಾವ ಲೆಕ್ಕಪರಿಶೋಧಕನೂ ಇದುವರೆಗೆ ಪ್ರಶ್ನೆ ಎತ್ತಿಲ್ಲ. ಪುಸ್ತಕಗಳು ಇರುವುದು ಬಳಕೆಗಾಗಿ ಎಂದು 1931ರಲ್ಲೇ ಗ್ರಂಥಾಲಯ ಶಾಸ್ತ್ರದ ಮೊದಲ ಸೂತ್ರವನ್ನು ಬರೆದಿಟ್ಟ ಎಸ್‌.ಆರ್‌. ರಂಗನಾಥನ್ ಮುಂದೆ ಬೆಂಗಳೂರಿಗೇ ಬಂದು ನೆಲೆಸಿದರು. ಅಲ್ಲಿಂದ ಕಲಬುರಗಿಗೆ ಒಂದು ರಾತ್ರಿಯ ರೈಲು. ಸೂತ್ರಕ್ಕೆ ಇನ್ನೂ ಟಿಕೆಟ್ ಸಿಕ್ಕಿಲ್ಲ.

ಕಟ್ಟಡ ‘ಅಂತಾರಾಷ್ಟ್ರೀಯ ಮಟ್ಟ’ದ್ದಾಗಬೇಕಿತ್ತು. ಅಂದರೆ ಪಡುವಣ ದಿಕ್ಕಿಗೆ ಪೂರ್ತಿ ಗಾಜಿನ ಗೋಡೆ. ಮೇ ತಿಂಗಳಲ್ಲಿ 43 ಡಿಗ್ರಿ ಮುಟ್ಟುವ ಊರಿನಲ್ಲಿ ಮಧ್ಯಾಹ್ನದ ಸೂರ್ಯನಿಗೆ ಇಷ್ಟು ದೊಡ್ಡ ಸ್ವಾಗತ ಇನ್ನೆಲ್ಲೂ ಸಿಕ್ಕಿರಲಾರದು. ಸೆಕೆ ತಾಳದೆ ಗಾಜಿಗೆ ದಪ್ಪ ಪರದೆ ಹಾಕಿಸಿದೆವು, ಕತ್ತಲಾಯಿತೆಂದು ಹಾಡುಹಗಲೇ ದೀಪ ಉರಿಸಿದೆವು, ದೀಪದ ಕಾವಿಗೆಂದು ಎಸಿ ತಂದೆವು, ಎಸಿ ತಂದ ದಿನ ಕರೆಂಟ್ ಹೋಯಿತು. ನೆಲಕ್ಕೆ ಶಹಾಬಾದಿನ ಪರಸಿ ಹಾಸೋಣ ಎಂದಿದ್ದೆ. ಗಂಟೆಯೊಳಗಿನ ದಾರಿಯಲ್ಲಿ ಸಿಗುವ ಕಲ್ಲು. ಬೇಸಿಗೆಯಲ್ಲಿ ನಮ್ಮ ಅಜ್ಜಿಯಂದಿರು ಚಾಪೆಯನ್ನೂ ಹಾಸದೆ ಅದರ ಮೇಲೆ ಮಲಗುತ್ತಿದ್ದರು. ಸೀಮೆಸುಣ್ಣದಲ್ಲಿ ಗೀಚಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ಚೌಕ ಚೌಕವಾಗಿ ಹಾಸಿದರೆ ಕುಂಟಾಬಿಲ್ಲೆಯ ಮನೆ ಬರೆಯುವ ಶ್ರಮವೂ ಉಳಿಯುತ್ತದೆ. “ಪರಸಿಯೇ? ಅದು ಎಲ್ಲರ ಮನೆಯಲ್ಲೂ ಇದೆ” ಎಂಬ ಒಂದೇ ಕಾರಣಕ್ಕೆ ಸಲಹೆ ಬಿದ್ದುಹೋಯಿತು. ಗುಜರಾತಿನ ಮೋರ್ಬಿಯಿಂದ ಕನ್ನಡಿಯಂಥ ಟೈಲ್ಸ್ ಬಂದವು. ಮೊದಲ ವಾರವೇ ಇಬ್ಬರು ಹುಡುಗರು ಜಾರಿ ಬಿದ್ದರು. ಮರುದಿನವೇ ‘ಓಡಬಾರದು’ ಎಂಬ ಫಲಕ ಬಂತು. ಅದರ ಪಕ್ಕದಲ್ಲಿ ‘ಮೌನವಾಗಿರಿ’. ಎರಡರ ಮೇಲೆ ಬಣ್ಣಬಣ್ಣದ ಅಕ್ಷರಗಳಲ್ಲಿ ‘ಆಡುತ್ತ ಕಲಿ’.

ಆಟದ ಮೂಲೆಯೂ ಇದೆ. ಜಾರುಬಂಡಿಯ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಬಿಚ್ಚಿಲ್ಲ, ಬಣ್ಣ ಹೋದೀತೆಂಬ ಭಯ.

ನಡುವೆ ಅಧ್ಯಯನ ಪ್ರವಾಸದ ಮಾತು ಬಂತು. ಸಿಂಗಪುರ ಎಂದರು. ಬೀದರ್ ಎಂದೆ. ಬಹಮನಿಯರ ಮಂತ್ರಿ ಮಹಮೂದ್ ಗವಾನ್ 1472ರ ಹೊತ್ತಿಗೆ ಕಟ್ಟಿಸಿದ ಮದರಸಾ ಅಲ್ಲಿದೆ. ಮೂರು ಅಂತಸ್ತು, ಪಾಠದ ಕೋಣೆಗಳು, ವಿದ್ಯಾರ್ಥಿಗಳಿಗೆ ವಸತಿ, ದೊಡ್ಡ ಗ್ರಂಥಭಂಡಾರ. ಎಸಿ ಇಲ್ಲದೆಯೇ ಗಾಳಿ ಬೆಳಕು ಒಳಗೆ ಬರುವುದನ್ನು ನೋಡಬಹುದು. 1481ರಲ್ಲಿ ಒಂದು ಖೋಟಾ ಪತ್ರವನ್ನು ನಂಬಿ ಸುಲ್ತಾನ ಗವಾನನ ತಲೆ ತೆಗೆಸಿದ. ಗ್ರಂಥಾಲಯ ಕಟ್ಟಿದವರ ಮೇಲೆ ಆಕ್ಷೇಪಣೆ ಬರುವುದು ಹೊಸತೇನಲ್ಲ. ಅವನ ಮದರಸಾ ಮುಂದೆ ಮೊಘಲರ ಕಾಲದಲ್ಲಿ ಮದ್ದಿನ ಸ್ಫೋಟಕ್ಕೆ ಸಿಕ್ಕಿ ಒಂದು ಮಿನಾರನ್ನೂ ಮುಂಭಾಗದ ಅರ್ಧವನ್ನೂ ಕಳೆದುಕೊಂಡಿತು ಎನ್ನುತ್ತಾರೆ. ಓದುವ ಜಾಗದಲ್ಲಿ ಸಿಡಿಮದ್ದನ್ನು ಪೇರಿಸಿಟ್ಟವರನ್ನು ನಾವು ಹಳಿಯುವಂತಿಲ್ಲ. ನಮ್ಮ ಕಥೆ ಕೇಳುವ ಕೋಣೆಯಲ್ಲಿ ಈಗ ಸೊಳ್ಳೆ ಓಡಿಸುವ ಹೊಗೆಯಂತ್ರ, ಮುರಿದ ಕುರ್ಚಿಗಳು, ಕಳೆದ ಚುನಾವಣೆಯ ಬ್ಯಾನರ್ ಬಡಿಯುವ ಬಿದಿರಿನ ಗಳುಗಳಿವೆ. ಅವು ಸಿಡಿಯುವುದಿಲ್ಲ ಎಂಬುದೊಂದು ಸಮಾಧಾನ. ಪ್ರವಾಸ ರದ್ದಾಯಿತು. ಬೀದರಿಗೆ ಸಿಗುವ ಭತ್ಯೆ ಬಸ್ ಚಾರ್ಜಿಗಿಂತ ಹೆಚ್ಚಿರಲಿಲ್ಲ.

ಸಮಯದ ಪ್ರಶ್ನೆ ಸುಲಭವಾಗಿ ಬಗೆಹರಿಯಿತು: ಬೆಳಿಗ್ಗೆ ಹತ್ತರಿಂದ ಸಂಜೆ ಐದು. ಆ ಹೊತ್ತಿನಲ್ಲಿ ಮಕ್ಕಳೆಲ್ಲ ಶಾಲೆಯಲ್ಲಿರುತ್ತಾರಾದ್ದರಿಂದ ಗದ್ದಲವಿಲ್ಲ. ಬೇಸಿಗೆ ರಜೆಯಲ್ಲಾದರೂ ಬಂದಾರು ಎಂದುಕೊಂಡರೆ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳಿಗೆಲ್ಲ ಬಿಸಿಲಿನ ವೇಳಾಪಟ್ಟಿ, ಬೆಳಿಗ್ಗೆ ಎಂಟರಿಂದ ಒಂದೂವರೆ. ನಮ್ಮದೂ ಅದನ್ನೇ ಅನುಸರಿಸುತ್ತದೆ. ಉರಿಬಿಸಿಲಿನಲ್ಲಿ ಮಕ್ಕಳಿಗೆ ನೆರಳು ಬೇಕಾಗುವ ಹೊತ್ತಿಗೆ ಸರಿಯಾಗಿ ಬಾಗಿಲು ಬೀಳುತ್ತದೆ.

ಮೊನ್ನೆ ಸಂಜೆ ಆ ಕಡೆ ಹೋಗಿದ್ದೆ. ಬಾಗಿಲಿಗೆ ಬೀಗ. ಹೊರಗಿನ ಮೆಟ್ಟಿಲಿಗೆ ಮಾತ್ರ ಗುತ್ತಿಗೆದಾರ ದುಡ್ಡು ಉಳಿಸಲು ಪರಸಿ ಹಾಕಿಸಿದ್ದಾನೆ. ಅದರ ಮೇಲೆ ಆರೇಳು ಮಕ್ಕಳು. ಇಬ್ಬರು ಕುಂಟಾಬಿಲ್ಲೆ ಆಡುತ್ತಿದ್ದರು. ಉಳಿದವರು ಉದ್ಘಾಟನೆಯ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ತಾವೇ ಕಟ್ಟಿಕೊಂಡ ಆಟವೊಂದರಲ್ಲಿ ಮುಳುಗಿದ್ದರು: ಒಬ್ಬಳು ಒಂದು ಅಕ್ಷರ ಕೂಗಬೇಕು, ಮಿಕ್ಕವರು ಆ ಇಪ್ಪತ್ತಮೂರು ಹೆಸರುಗಳಲ್ಲಿ ಅದನ್ನು ಮೊದಲು ಹುಡುಕಿ ಬೆರಳಿಡಬೇಕು. ‘ನ್ಮಾ’ ಎಲ್ಲಿದೆ ಎಂದು ಕಿರುಚಾಟ. ಐದು ವರ್ಷದವನೊಬ್ಬ ಒತ್ತಕ್ಷರವನ್ನು ನನಗಿಂತ ಮೊದಲೇ ಹಿಡಿದ.

ವರದಿ ಒಪ್ಪಿಸಿದೆ. ಸಮಿತಿ ತುರ್ತುಸಭೆ ಸೇರಿ, ಕಲ್ಲಿಗೆ ಬೆರಳಿನ ಗುರುತು ಬೀಳುತ್ತಿರುವುದನ್ನು ಗಂಭೀರವಾಗಿ ಪರಿಗಣಿಸಿದೆ. ಮೆಟ್ಟಿಲ ಸುತ್ತ ಗ್ರಿಲ್ ಹಾಕಿಸಲು ಒಮ್ಮತದಿಂದ ಒಪ್ಪಿಗೆ ಸಿಕ್ಕಿತು. ಅಳತೆಗೆ ನಾಳೆ ಅದೇ ಬಡಗಿಯ ತಮ್ಮ ಬರುತ್ತಾನೆ. ಎತ್ತರ, ಏಳು ಅಡಿ.