ಇಬ್ಬರು ಶೀನಣ್ಣಂದಿರು

ನಮ್ಮನೆಯಲ್ಲಿ ಕಂಪ್ಯೂಟರ್ ಓದಿದವನು ನಾನೊಬ್ಬನೇ. ಹಾಗಾಗಿ ಟಿವಿ ರಿಮೋಟ್ ಕೆಟ್ಟರೂ ನನ್ನನ್ನೇ ಕೇಳುತ್ತಾರೆ, ಗೀಸರ್ ಬಿಸಿಯಾಗದಿದ್ದರೂ ನನ್ನನ್ನೇ ಕೇಳುತ್ತಾರೆ. ಬೆಂಗಳೂರಿನಲ್ಲಿ 11 ವರ್ಷದಿಂದ ಸಾಫ್ಟ್‌ವೇರ್ ಬರೆದುಕೊಂಡಿದ್ದೇನೆ. ಅದಕ್ಕೂ ಮನೆಯ ವೈಫೈಗೂ ಅಂಥ ಸಂಬಂಧ ಇಲ್ಲ ಅಂತ ನಾನು ಯಾವತ್ತೂ ಬಾಯಿಬಿಟ್ಟಿಲ್ಲ. ಮರ್ಯಾದೆ ಪ್ರಶ್ನೆ ಅಲ್ವಾ.

ಕಳೆದ ದಸರಾಕ್ಕೆ ಹಾಸನಕ್ಕೆ ಹೋದೆ. ಎರಡು ವಾರ ಅಲ್ಲಿಂದಲೇ ಕೆಲಸ. ಅಪ್ಪ ಹೊಸದಾಗಿ ಫೈಬರ್ ಇಂಟರ್‌ನೆಟ್ ಹಾಕಿಸಿದ್ದರು. ಅದರ ವೈಫೈ ಕೊಡುವ ರೂಟರ್ ಡಬ್ಬಿಯನ್ನು ಅಮ್ಮ ಹಾಲ್‌ನ ಶೋಕೇಸಿನಲ್ಲಿ, ಹಿತ್ತಾಳೆ ದೀಪಗಳ ಹಿಂದೆ ಇಟ್ಟು, ಮೇಲೊಂದು ಕ್ರೋಶಾ ಬಟ್ಟೆ ಹೊದಿಸಿದ್ದಳು. ಹಿಂದೆ ನಮ್ಮ ಟಿವಿಗೆ, ಅದಕ್ಕೂ ಹಿಂದೆ ರೇಡಿಯೋಗೆ ಹೊದಿಸಿದ್ದ ಬಟ್ಟೆ ಅದು. ಬಟ್ಟೆಯಿಂದ ಸಿಗ್ನಲ್‌ಗೆ ಹೆಚ್ಚೇನೂ ತೊಂದರೆ ಇಲ್ಲ, ಡಬ್ಬಿಗೆ ಸೆಕೆ ಆಗುತ್ತದೆ ಅಷ್ಟೇ. ಹಿತ್ತಾಳೆ ಹಾಗಲ್ಲ. ಲೋಹ ಯಾವುದೇ ಇರಲಿ, ರೇಡಿಯೋ ಅಲೆಗಳನ್ನು ಬಂದ ದಾರಿಗೇ ವಾಪಸ್ ಕಳಿಸುತ್ತದೆ.

"ನಮ್ಮನೆಗೂ ಫೈವ್ ಜಿ ಬಂದಿದೆ ಕಣೋ" ಅಂದರು ಅಪ್ಪ. ಫೋನ್ ತೋರಿಸಿದರು. ಡಬ್ಬಿ ಎರಡು ಹೆಸರು ತೋರಿಸುತ್ತಿತ್ತು. ಒಂದರ ಬಾಲದಲ್ಲಿ '5ಜಿ' ಅಂತ ಇತ್ತು. ಅದು ಮೊಬೈಲ್ ಟವರಿನ ಐದನೇ ತಲೆಮಾರಲ್ಲ, 5 ಗಿಗಾಹರ್ಟ್ಸ್. ಅದರ ಜೊತೆಯದು 2.4 ಗಿಗಾಹರ್ಟ್ಸ್. ಐದರದ್ದು ಓಟ ಜಾಸ್ತಿ, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತು. 2.4ರದ್ದು ನಿಧಾನ, ಆದರೆ ಅಡುಗೆಮನೆ ದಾಟಿ ಹಿತ್ತಿಲವರೆಗೂ ಹೋಗುತ್ತದೆ. ಅಪ್ಪ ಹಿತ್ತಿಲಲ್ಲಿ ಕೂತು 5ಕ್ಕೇ ಕನೆಕ್ಟ್ ಮಾಡಿ, "ಈ ಫೈವ್ ಜಿ ಸುಮ್ನೆ ಹೆಸರಿಗೆ ಮಾತ್ರ" ಅಂತ ಬೈಯುತ್ತಿದ್ದರು. ಬಿಡಿಸಿ ಹೇಳಿದೆ. "ಹಾಗಾದರೆ ಎರಡೂ ಯಾಕೆ ಕೊಡ್ತಾರೆ, ಒಳ್ಳೇದೊಂದು ಕೊಟ್ಟರೆ ಸಾಲದಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನನ್ನ ರೂಮು ಮನೆಯ ಕೊನೆಯಲ್ಲಿ. ಮಧ್ಯೆ ಮೂರು ಗೋಡೆ, ಎಲ್ಲಾ ಹಳೇ ಕಾಲದ ಒಂಬತ್ತಿಂಚಿನವು. ಮೀಟಿಂಗಿನಲ್ಲಿ ನನ್ನ ಮುಖ ಬಾಯಿ ತೆರೆದಲ್ಲೇ ನಿಂತುಬಿಡುತ್ತಿತ್ತು. ಆಗ ನೆನಪಾಯಿತು, ಬೆಂಗಳೂರಿನ ಹಳೇ ಪಿಜಿಯಿಂದ ತಂದ ರೂಟರ್ ಅಟ್ಟದ ಮೇಲಿದೆ. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ 20 ಮೀಟರ್ ಲ್ಯಾನ್ ಕೇಬಲ್ ತಂದೆ. ಈ ಕೇಬಲ್ 100 ಮೀಟರ್‌ವರೆಗೆ ಎಳೆಯಬಹುದು, ನಮ್ಮದೇನು ಅರಮನೆಯಲ್ಲ. ಒಂದು ತುದಿ ಶೋಕೇಸಿನ ಡಬ್ಬಿಗೆ, ಇನ್ನೊಂದು ಹಳೇ ರೂಟರಿಗೆ. ಹಳೇ ರೂಟರಿನ ಬೆನ್ನಲ್ಲಿ ನೀಲಿ ತೂತು ಒಂದು, ಹಳದಿ ತೂತು ನಾಲ್ಕು. ನಾಲ್ಕಿವೆಯಲ್ಲ, ಹಳದಿಗೇ ಹಾಕೋಣ ಅಂತ ಹಾಕಿದೆ. 'ಟಕ್' ಅಂತು. ಆ ಶಬ್ದ ಕೇಳಿದರೆ ಏನೋ ಸಾಧಿಸಿದ ಹಾಗೆ ಅನ್ನಿಸುತ್ತದೆ.

ಹತ್ತು ನಿಮಿಷ ಎಲ್ಲಾ ಚೆನ್ನಾಗಿತ್ತು. ಆಮೇಲೆ ಅಪ್ಪನ ಟಿವಿ ನಿಂತಿತು. ಅಮ್ಮನ ಫೋನು ಓಡಿತು. ನನ್ನದು ನಿಂತಿತು. ಟಿವಿ ಬಂತು, ಅಮ್ಮನದು ಹೋಯಿತು. ಎಲ್ಲರ ಫೋನಿನಲ್ಲೂ ವೈಫೈ ಗುರುತು ಮಾತ್ರ ತುಂಬಿ ತುಳುಕುತ್ತಿತ್ತು.

"ಫುಲ್ ಇದೆಯಲ್ಲೋ!" ಅಂದರು ಅಪ್ಪ.

ವೈಫೈ ಇದ್ದ ಮಾತ್ರಕ್ಕೆ ಇಂಟರ್‌ನೆಟ್ ಇದೆ ಅಂತ ಅಲ್ಲ. ಮನೆಯೊಳಗಿನ ಪೈಪು, ನಲ್ಲಿ ಎಲ್ಲಾ ಸರಿಯಿದ್ದು ಬೀದಿಯಲ್ಲಿ ನೀರು ಬಿಡದಿದ್ದರೆ ಹೇಗೋ ಹಾಗೆ. ವೈಫೈ ಗುರುತು ಹೇಳುವುದು ನಲ್ಲಿಯ ವಿಷಯ ಮಾತ್ರ. ಈ ಹೋಲಿಕೆ ಕೇಳಿ ಅಮ್ಮ ಓಡಿಹೋಗಿ ಸಂಪ್ ನೋಡಿ ಬಂದಳು.

ನಾನು ಲ್ಯಾಪ್‌ಟಾಪ್ ತೆರೆದು ಪಿಂಗ್ ಹೊಡೆದೆ. ಇದು 1983ರಲ್ಲಿ ಮೈಕ್ ಮೂಸ್ ಎಂಬ ಅಮೆರಿಕದವರು ಬರೆದ ಚಿಕ್ಕ ಪ್ರೋಗ್ರಾಂ. ಜಲಾಂತರ್ಗಾಮಿಗಳನ್ನು ಹುಡುಕುವ ಸೋನಾರ್ ಶಬ್ದದಿಂದ ಹೆಸರು ಬಂತು. ಮಾಡುವುದಿಷ್ಟೇ: "ಇದ್ದೀಯಾ?" ಅಂತ ಕೂಗುವುದು, "ಇದ್ದೀನಿ" ಅಂತ ಬರುವವರೆಗೆ ಎಷ್ಟು ಹೊತ್ತಾಯಿತು ಅಂತ ಎಣಿಸುವುದು. ವಿಂಡೋಸ್ ನಾಲ್ಕು ಸಲ ಕೂಗಿ ಸುಮ್ಮನಾಗುತ್ತದೆ. ಅಪ್ಪ ಅಮ್ಮನನ್ನು ಕಾಫಿಗೆ ಕೂಗುವುದೂ ನಾಲ್ಕೇ ಸಲ.

192.168.1.1ಕ್ಕೆ ಪಿಂಗ್ ಹೊಡೆದರೆ ಉತ್ತರ ಬರುತ್ತಿದೆ. ಅದು ಮನೆಯ ಡಬ್ಬಿಯ ವಿಳಾಸ. ಡಬ್ಬಿ ಇದೆ, ನೆಟ್ ಇಲ್ಲ. ತಪ್ಪು ಕಂಪನಿಯವರದ್ದೇ ಅಂತ ತೀರ್ಮಾನಿಸಿ ಫೋನ್ ಮಾಡಿದೆ. ಆಫ್ ಮಾಡಿ ಆನ್ ಮಾಡಿ ಅಂದರು. ಮಾಡಿದೆ. ಹತ್ತು ನಿಮಿಷ ಬಂತು, ಹೋಯಿತು. ಸಂಜೆಯವರೆಗೆ ಆ ಡಬ್ಬಿಯನ್ನು ಒಂಬತ್ತು ಸಲ ಮಲಗಿಸಿ ಎಬ್ಬಿಸಿದೆ.

ಮಾರನೇ ದಿನ ಹುಡುಗನೊಬ್ಬ ಬಂದ. ಇಪ್ಪತ್ತೆರಡು ವಯಸ್ಸಿರಬಹುದು. ಭುಜಕ್ಕೊಂದು ಬ್ಯಾಗು. ಡಬ್ಬಿ ನೋಡಿದ, ಅದರಿಂದ ಹೊರಟ ಕೇಬಲ್ ನೋಡಿದ, ಅದನ್ನೇ ಹಿಡಿದುಕೊಂಡು ನನ್ನ ರೂಮಿಗೆ ಬಂದ.

"ಇದನ್ನ ಯಾರು ಹಾಕಿದ್ದು ಸಾರ್?"

ಅಪ್ಪ ಬಾಯಲ್ಲಿ ಏನೂ ಹೇಳಲಿಲ್ಲ. ನನ್ನ ಕಡೆ ನೋಡಿದರು, ಅಷ್ಟೇ.

ಆಗಿದ್ದೇನೆಂದರೆ, ಒಂದು ಮದುವೆ ಛತ್ರ ಅಂದುಕೊಳ್ಳಿ. ಬಂದ ನೆಂಟರಿಗೆ ರೂಮಿನ ಕೀ ಹಂಚಲು ಹೆಣ್ಣಿನ ಕಡೆಯ ಶೀನಣ್ಣ ಕೂತಿದ್ದಾನೆ. ಯಾರು ಬಂದರೂ ಒಂದು ರೂಮು ಕೊಟ್ಟು, ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ. ಏನಾದರೂ ಬೇಕಾದರೆ ನನ್ನನ್ನೇ ಕೇಳಿ ಅನ್ನುತ್ತಾನೆ. ರೂಟರ್ ಮಾಡುವುದೂ ಇದನ್ನೇ. ಹೊಸ ಫೋನು ಬಂದಾಗಲೆಲ್ಲ ಅದಕ್ಕೊಂದು ಐಪಿ ಅಡ್ರೆಸ್ ಕೊಡುತ್ತದೆ. ಈ ಹಂಚುವ ಕೆಲಸಕ್ಕೆ ಡಿಎಚ್‌ಸಿಪಿ ಅಂತ ಹೆಸರು. ನಾನು ಅಟ್ಟದಿಂದ ಇಳಿಸಿ ತಂದಿದ್ದು ಇನ್ನೊಬ್ಬ ಕೀ ಹಂಚುವವನನ್ನು. ಅವನ ಹತ್ತಿರವೂ ಅದೇ ರೂಮುಗಳ ಕೀ. ಇವನು ಮೂರನೇ ರೂಮನ್ನು ಟಿವಿಗೆ ಕೊಟ್ಟಿದ್ದಾನೆ, ಅವನು ಅದನ್ನೇ ನನ್ನ ಲ್ಯಾಪ್‌ಟಾಪಿಗೆ ಕೊಟ್ಟ. ಒಂದೇ ರೂಮಿಗೆ ಎರಡು ಸಂಸಾರ.

ಅದಾದರೂ ಪರವಾಗಿಲ್ಲ. ಇಬ್ಬರ ಹೆಸರೂ ಶೀನಣ್ಣ! ಅಂದರೆ ಎರಡು ರೂಟರಿನ ವಿಳಾಸವೂ 192.168.1.1. ಕಾರ್ಖಾನೆಯಿಂದ ಬರುವಾಗಲೇ ಎಷ್ಟೋ ಡಬ್ಬಿಗಳಲ್ಲಿ ಇದೇ ನಂಬರ್ ಇರುತ್ತದೆ. ಮನೆಯೊಳಗಿನ ನಂಬರು ಹೊರಗೆ ಕಾಣುವುದಿಲ್ಲ, ಹಾಗಾಗಿ ಪಕ್ಕದ ಮನೆಯಲ್ಲೂ ಇದೇ ಇದ್ದರೆ ಜಗಳವಿಲ್ಲ. ಒಂದೇ ಮನೆಯಲ್ಲಿ ಇಬ್ಬರಿದ್ದರೆ ಕಷ್ಟ. ಫೋನು "ಶೀನಣ್ಣ ಯಾರು?" ಅಂತ ಕೂಗಿದಾಗ ಇಬ್ಬರೂ ಕೈ ಎತ್ತುತ್ತಾರೆ. ಹೊರಗೆ ಹೋಗುವ ದಾರಿ ಗೊತ್ತಿರುವುದು ಒಬ್ಬನಿಗೆ ಮಾತ್ರ. ಇನ್ನೊಬ್ಬ ಅಟ್ಟದಿಂದ ಬಂದವನು, ಕೊಟ್ಟದ್ದನ್ನೆಲ್ಲ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಲ್ಲುತ್ತಾನೆ. ನನ್ನ ಪಿಂಗಿಗೆ "ಇದ್ದೀನಿ" ಅಂದವನು ಇವನೇ!

ಹುಡುಗ ಹಳೇ ರೂಟರಿನ ಕೇಬಲ್ ಕಿತ್ತು, ಲ್ಯಾಪ್‌ಟಾಪ್ ಅದಕ್ಕೆ ಹಚ್ಚಿ, ವಿಳಾಸವನ್ನು 192.168.1.2 ಮಾಡಿದ. ಡಿಎಚ್‌ಸಿಪಿ ಆಫ್ ಮಾಡಿದ. ಕೇಬಲನ್ನು ಮತ್ತೆ ಅದೇ ಹಳದಿ ತೂತಿಗೆ ಹಾಕಿದ. "ಈಗ ಇದು ಬರೀ ವೈಫೈ ಕೊಡುತ್ತೆ ಸಾರ್, ಯಜಮಾನಿಕೆ ಮಾಡಲ್ಲ." ನಾಲ್ಕು ನಿಮಿಷದ ಕೆಲಸ.

ನನ್ನ ಮರ್ಯಾದೆ ಉಳಿಸಿಕೊಳ್ಳಲು ಹಳೇ ಆಫೀಸಿನ ಕಥೆ ಹೇಳಿದೆ. ಅಲ್ಲಿ ಮೇಜಿನ ಕೆಳಗೆ ಕೇಬಲ್ಲಿನ ತುದಿಯೊಂದು ನೇತಾಡುತ್ತಿತ್ತು. ಕಸ ಗುಡಿಸುವ ಅಕ್ಕ ಪಾಪ, ಅಚ್ಚುಕಟ್ಟಾಗಿರಲಿ ಅಂತ ಅದನ್ನು ಸ್ವಿಚ್ಚಿನ, ಅಂದರೆ ಕಂಪ್ಯೂಟರುಗಳ ಕೇಬಲ್ಲೆಲ್ಲಾ ಬಂದು ಸೇರುವ ಡಬ್ಬಿಯ, ಖಾಲಿ ತೂತಿಗೆ ಸಿಕ್ಕಿಸಿದರು. ಇನ್ನೊಂದು ತುದಿ ಆಗಲೇ ಅದೇ ಸ್ವಿಚ್ಚಿನಲ್ಲಿತ್ತು. ಎಲ್ಲರಿಗೂ ಅಂತ ಕೂಗಿದ ಒಂದು ಕೂಗು ಆ ಉಂಗುರದಲ್ಲಿ ಸುತ್ತತೊಡಗಿತು. ನೆಟ್ಟಿನಲ್ಲಿ ಓಡಾಡುವ ಮಾಹಿತಿಯ ತುಣುಕಿಗೆ, ಅಂದರೆ ಐಪಿ ಪ್ಯಾಕೆಟ್ಟಿಗೆ, ಇಷ್ಟು ಹೆಜ್ಜೆ ಆದಮೇಲೆ ಸಾಯಬೇಕು ಅಂತ ಆಯುಸ್ಸು ಬರೆದಿರುತ್ತದೆ. ಸ್ವಿಚ್ಚಿನೊಳಗೆ ಸುತ್ತುವ ಈಥರ್‌ನೆಟ್ ಫ್ರೇಮಿಗೆ, ಅಂದರೆ ಕೇಬಲ್ಲಿನಲ್ಲಿ ಅಂಥ ತುಣುಕನ್ನು ಹೊತ್ತೊಯ್ಯುವ ಲಕೋಟೆಗೆ, ಅದಿಲ್ಲ, ಚಿರಂಜೀವಿ. ಎರಡು ಗಂಟೆ ಇಡೀ ಮಹಡಿ ಬಂದ್. ಹುಡುಗ ನಕ್ಕ, ಆದರೆ "ಅಕ್ಕ ಇಂಜಿನಿಯರ್ ಅಲ್ವಲ್ಲ ಸಾರ್" ಅಂದ.

ಅಮ್ಮ ಅವನಿಗೆ ಕಾಫಿ, ಕೋಡುಬಳೆ ಕೊಟ್ಟಳು. "ಇಷ್ಟೊಂದು ನಂಬರ್ ಹೇಗಪ್ಪ ನೆನಪಿಟ್ಕೊಳ್ತೀಯಾ?" ಅಂದಳು.

"ಹೊರಗಿನ ನಂಬರ್ ಯಾರೂ ನೆನಪಿಟ್ಕೊಳ್ಳಲ್ಲ ಅಮ್ಮ. ನಾವು ಹೆಸರು ಹೊಡೀತೀವಿ, ನಂಬರ್ ಹುಡುಕಿಕೊಡೋಕೆ ಡಿಎನ್‌ಎಸ್ ಅಂತ ಇದೆ."

ನಾನು ಮಧ್ಯೆ ಬಾಯಿ ಹಾಕಿದೆ. ಡಿಎನ್‌ಎಸ್ ಬಂದಿದ್ದು 1983ರಲ್ಲಿ. ಅದಕ್ಕೆ ಮುಂಚೆ ನೆಟ್‌ವರ್ಕಿನ ಕಂಪ್ಯೂಟರುಗಳ ಹೆಸರು, ನಂಬರ್ ಎಲ್ಲಾ ಒಂದೇ ಫೈಲಿನಲ್ಲಿ ಇರುತ್ತಿದ್ದವು. ಕ್ಯಾಲಿಫೋರ್ನಿಯಾದ ಒಂದು ಸಂಶೋಧನಾ ಸಂಸ್ಥೆಯವರು ಅದನ್ನು ಇಟ್ಟುಕೊಂಡಿದ್ದರು. ಹೊಸ ಕಂಪ್ಯೂಟರ್ ಸೇರಿಸಬೇಕಾದರೆ ಅವರಿಗೇ ತಿಳಿಸಬೇಕಿತ್ತು, ಅವರು ಬರೆದುಕೊಳ್ಳುತ್ತಿದ್ದರು.

"ನಮ್ಮ ಡೈರಿ ಥರ" ಅಂದಳು ಅಮ್ಮ.

ಲ್ಯಾಂಡ್‌ಲೈನ್ ಫೋನ್ ಹೋಗಿ ಎಷ್ಟೋ ವರ್ಷವಾದರೂ ಅದರ ಸ್ಟ್ಯಾಂಡೂ ಡೈರಿಯೂ ಇನ್ನೂ ಅಲ್ಲೇ ಇವೆ. ಗ್ಯಾಸಿನವರು, ಹೂವಿನವಳು, 'ಅರಸೀಕೆರೆ ಚಿಕ್ಕಮ್ಮ ಹೊಸದು', ಎಲ್ಲಾ ಅದರಲ್ಲಿವೆ. ಹುಡುಗ ಹೊರಟಾಗ ಅಮ್ಮ ಅವನ ನಂಬರ್ ಬರೆದುಕೊಂಡಳು.

ಹಬ್ಬ ಮುಗಿಸಿ ಬೆಂಗಳೂರಿಗೆ ಬಂದು ತಿಂಗಳಾಗಿತ್ತು. ಊರಿಗೆ ವಿಡಿಯೋ ಕಾಲ್ ಮಾಡಿದೆ. ಅಪ್ಪನ ಹಿಂದೆ, ನನ್ನ ರೂಮಿನಲ್ಲಿ, ಹಳೇ ರೂಟರ್ ಕಾಣಿಸಿತು. ಅದಕ್ಕೂ ಹೊಸದೊಂದು ಕ್ರೋಶಾ ಬಟ್ಟೆ ಬಂದಿತ್ತು.

"ನೆಟ್ ಸರಿಯಾಗಿ ಬರ್ತಿದೆಯಾ?" ಅಂದೆ.

"ಮೊನ್ನೆ ಎರಡು ದಿನ ಇರಲಿಲ್ಲ ಕಣೋ. ಅಳಿಲು ವೈರ್ ಕಡಿದಿತ್ತಂತೆ. ನೆಟ್ ಹುಡುಗನಿಗೆ ಫೋನ್ ಮಾಡಿದ್ವಿ, ಬಂದು ಜೋಡಿಸಿಕೊಟ್ಟ."

"ನನಗೆ ಯಾಕೆ ಹೇಳಲಿಲ್ಲ?"

ಅಪ್ಪ ಅಮ್ಮನ ಮುಖ ನೋಡಿದರು. ಅಮ್ಮ, "ಗೀಸರ್ ಯಾಕೋ ಬಿಸಿ ಆಗ್ತಿಲ್ಲ ನೋಡು" ಅಂದಳು.