ಬಿಸಿಲೂ ಬೇಕು, ಎಂಜಿನ್ನೂ ಬೇಕು

ಅಮೆರಿಕದಲ್ಲಿ ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಕ್ಯಾಂಪರ್, ಅಂದರೆ ಮಲಗುವ, ಉಣ್ಣುವ ಪುಟ್ಟ ಮನೆ, ಕೂರಿಸಿಕೊಂಡು ಕಾಡುಮೇಡು ಸುತ್ತುವವರಲ್ಲಿ ಎರಡು ಪಂಗಡ. ಒಂದು ಪಂಗಡದವರು ಒಳಗಿನ ಬ್ಯಾಟರಿ ತುಂಬಿಸಲು ಕ್ಯಾಂಪರ್ ಮೇಲೆ ಜಾಗ ಇರುವಷ್ಟೂ ಸೋಲಾರ್ ಪ್ಯಾನೆಲ್ ಹಾಸುತ್ತಾರೆ. ಟ್ರಕ್ಕಿನಿಂದ ಒಂದು ವೈರನ್ನೂ ಎಳೆಯುವುದಿಲ್ಲ. ಇನ್ನೊಂದು ಪಂಗಡದವರ ಮಾತು, "ಆಲ್ಟರ್ನೇಟರ್ ಹೇಗೂ ತಿರುಗ್ತಾ ಇರುತ್ತೆ, ಪ್ಯಾನೆಲ್ ಯಾಕೆ?" ಅಂತ. ಆಲ್ಟರ್ನೇಟರ್ ಅಂದರೆ ಎಂಜಿನ್ನಿನ ಜೊತೆ ತಿರುಗಿ ಕರೆಂಟ್ ಮಾಡುವ ಯಂತ್ರ. ಇಬ್ಬರೂ ಹಟ ಬಿಡುವವರಲ್ಲ. ನನಗೆ ಎರಡೂ ಬೇಕು ಅನಿಸುತ್ತದೆ. ಆದರೆ ಯಾಕೆ ಬೇಕು ಅನ್ನುವುದು ಬ್ಯಾಟರಿಯ ಜಾತಿಯ ಮೇಲೆ ಹೋಗುತ್ತದೆ. ಆ ಮಾತನ್ನು ಈ ಎರಡೂ ಪಂಗಡದವರು ಅಷ್ಟಾಗಿ ಆಡುವುದಿಲ್ಲ.

ನಮ್ಮ ಕಡೆಯಿಂದ ಬಂದವರಿಗೆ ದೊಡ್ಡ ಬ್ಯಾಟರಿ ಅಂದರೆ ಮನೆಯ ಯುಪಿಎಸ್ ನೆನಪಾಗುತ್ತದೆ. ಅದು ಕರೆಂಟ್ ಇರುವ ತನಕ ತುಂಬಿಕೊಂಡೇ ಕೂತಿರುತ್ತದೆ. ಕರೆಂಟ್ ಹೋದಾಗ ಒಂದೆರಡು ಗಂಟೆ ದುಡಿದು, ಬಂದ ತಕ್ಷಣ ಮತ್ತೆ ತುಂಬಿಕೊಳ್ಳುತ್ತದೆ. ಅದನ್ನು ತುಂಬಿಸುವ ಚಿಂತೆ ನಮಗಿಲ್ಲ. ಕ್ಯಾಂಪರ್ ಬ್ಯಾಟರಿಯ ಬದುಕು ಬೇರೆ. ಅದು ದಿನಾ ಖಾಲಿಯಾಗುತ್ತದೆ, ದಿನಾ ತುಂಬಬೇಕು. ಬಳಸಿದ್ದು ಎಷ್ಟು, ವಾಪಸ್ ಬಂದದ್ದು ಎಷ್ಟು ಅನ್ನುವ ಲೆಕ್ಕ ಇಲ್ಲದೆ ಇದು ನಡೆಯುವುದಿಲ್ಲ.

ಫ್ರಿಜ್ಜು, ಲೈಟು, ನೀರಿನ ಪಂಪು, ಫೋನು ಎಲ್ಲ ಸೇರಿ ದಿನಕ್ಕೆ 50–60 ಆಂಪ್-ಅವರ್ (ಒಂದು ಆಂಪ್ ಕರೆಂಟ್ ಒಂದು ಗಂಟೆ ಹರಿದರೆ ಒಂದು ಆಂಪ್-ಅವರ್) ಖರ್ಚು ಅಂದುಕೊಳ್ಳಿ. 200 ವ್ಯಾಟಿನ ಪ್ಯಾನೆಲ್ ಇದ್ದು, 5 ಗಂಟೆಯ ಪೂರ್ತಿ ಬಿಸಿಲಿಗೆ ಸಮನಾದ ಒಳ್ಳೆಯ ದಿನ ಸಿಕ್ಕರೆ, ಕಾಗದದ ಮೇಲೆ 1000 ವ್ಯಾಟ್-ಅವರ್ ಆಗುತ್ತದೆ. ಕೈಗೆ ಸಿಗುವುದು 700–750. ಪ್ಯಾನೆಲ್ಲಿನ ರೇಟಿಂಗ್ ಹಾಕುವುದು 25 ಡಿಗ್ರಿಯಲ್ಲಿ. ಬಿಸಿಲಿಗೆ ಕಾದ ಪ್ಯಾನೆಲ್ ಅದಕ್ಕಿಂತ ಎಷ್ಟೋ ಬಿಸಿ ಇರುತ್ತದೆ. ಒಂದೊಂದು ಡಿಗ್ರಿ ಏರಿದಾಗಲೂ ಶೇಕಡಾ 0.4ರ ಆಸುಪಾಸು ಕಡಿಮೆಯಾಗುತ್ತಾ ಹೋಗುತ್ತದೆ. ಅದು ಚಪ್ಪಟೆಯಾಗಿ ಮಲಗಿರುವುದರಿಂದ ಸೂರ್ಯ ಓರೆಯಾಗಿದ್ದಾಗ ಇನ್ನಷ್ಟು ನಷ್ಟ. ಅಂತೂ 12 ವೋಲ್ಟಿನ ಬ್ಯಾಟರಿಗೆ ಸೇರುವುದು ಸುಮಾರು 55 ಆಂಪ್-ಅವರ್. ಟ್ರಕ್ಕಿನಿಂದ 30 ಆಂಪ್ ಬರುವ ಹಾಗೆ ಮಾಡಿಕೊಂಡರೆ, ಎರಡು ಗಂಟೆಯ ಡ್ರೈವಿಂಗಿನಲ್ಲಿ 60 ಬಂದುಬಿಡುತ್ತದೆ. ಇಡೀ ದಿನದ ಬಿಸಿಲು ಒಂದು ಕಡೆ, ಎರಡು ಗಂಟೆಯ ದಾರಿ ಇನ್ನೊಂದು ಕಡೆ.

ಇಷ್ಟಕ್ಕೇ ಆಲ್ಟರ್ನೇಟರ್ ಪಂಗಡ ಗೆದ್ದಿತು ಅಂತಲ್ಲ. ಅವರ ಲೆಕ್ಕದಲ್ಲಿ ಒಂದು ದೊಡ್ಡ ತೂತಿದೆ. ಬಹುತೇಕರು ನಂಬಿಕೊಂಡಿರುವುದು ಟ್ರಕ್ಕಿನ ಹಿಂದಿರುವ 7 ಪಿನ್ನಿನ ಟ್ರೇಲರ್ ಸಾಕೆಟ್ಟನ್ನು. ಅದರೊಳಗಿನ ಚಾರ್ಜ್ ವೈರ್ 10 ಗೇಜೋ 12 ಗೇಜೋ ಇರುತ್ತದೆ (ಗೇಜ್ ಸಂಖ್ಯೆ ಇಳಿದಷ್ಟೂ ವೈರ್ ದಪ್ಪ). 10 ಗೇಜ್ ಅಂತಲೇ ಇಟ್ಟುಕೊಳ್ಳೋಣ. ಹೋಗುವುದಕ್ಕೆ 6 ಮೀಟರ್, ಬರುವುದಕ್ಕೆ 6 ಮೀಟರ್, ಒಟ್ಟು 12 ಮೀಟರ್ ತಾಮ್ರ. ಅದರಲ್ಲಿ 20 ಆಂಪ್ ಹರಿದರೆ 0.8 ವೋಲ್ಟ್ ದಾರಿಯಲ್ಲೇ ಖರ್ಚು. ಎಂಜಿನ್ ಹತ್ತಿರ 14.2 ಇದ್ದದ್ದು ಕ್ಯಾಂಪರ್ ತಲುಪುವಾಗ 13.4. ಸೀಸದ ಬ್ಯಾಟರಿಗೆ ಬೇಕಾದದ್ದು 14.4ರಿಂದ 14.8. ಹೀಗಾಗಿ ಬ್ಯಾಟರಿ ತುಂಬುವ ಮೊದಲೇ ಕರೆಂಟ್ ಸೊರಗಿಹೋಗುತ್ತದೆ. ಗ್ಯಾಸು ಮತ್ತು 12 ವೋಲ್ಟ್ ಎರಡರಲ್ಲೂ ನಡೆಯುವ ಹಳೆಯ ತರಹದ ಫ್ರಿಜ್ಜನ್ನು ದಾರಿಯಲ್ಲಿ 12 ವೋಲ್ಟಿಗೆ ಹಾಕಿದರಂತೂ ಮುಗಿಯಿತು. ಅದೊಂದೇ 10 ಆಂಪಿಗಿಂತ ಜಾಸ್ತಿ ಕುಡಿಯುತ್ತದೆ. ದಿನವಿಡೀ ಓಡಿಸಿದರೂ ಬ್ಯಾಟರಿ ಬೆಳಗ್ಗೆ ಇದ್ದಲ್ಲೇ ಇರುತ್ತದೆ.

ಹೊಸ ಟ್ರಕ್ಕುಗಳಲ್ಲಿ ಇನ್ನೊಂದು ತಾಪತ್ರಯ. ಆಲ್ಟರ್ನೇಟರನ್ನು ಕಂಪ್ಯೂಟರ್ ಆಳುತ್ತದೆ. ಟ್ರಕ್ಕಿನ ಸ್ವಂತ ಬ್ಯಾಟರಿ ತುಂಬಿತು ಅನಿಸಿದರೆ ಪೆಟ್ರೋಲ್ ಉಳಿಸಲು ವೋಲ್ಟೇಜನ್ನು 13ರ ಹತ್ತಿರಕ್ಕೋ ಇನ್ನೂ ಕೆಳಗೋ ಇಳಿಸಿಬಿಡುತ್ತದೆ. ಹಿಂದೆ ಇನ್ನೊಂದು ಬ್ಯಾಟರಿ ಹಸಿದು ಕೂತಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ.

ಇವೆರಡಕ್ಕೂ ಮದ್ದು ಡಿಸಿ-ಡಿಸಿ ಚಾರ್ಜರ್. ಎಂಜಿನ್ ಕಡೆಯಿಂದ 12.5 ಬರಲಿ, 14 ಬರಲಿ, ಇದು ತನ್ನ ಆಚೆ ಬದಿಯಲ್ಲಿ ಬ್ಯಾಟರಿಗೆ ಬೇಕಾದ ವೋಲ್ಟೇಜನ್ನೇ ಕೊಡುತ್ತದೆ. ಎಷ್ಟು ಆಂಪ್ ಎಳೆಯಬೇಕು ಅನ್ನುವುದಕ್ಕೂ ಮಿತಿ ಹಾಕಿಕೊಳ್ಳುತ್ತದೆ. ಆದರೆ ಅದಕ್ಕೆ ದಪ್ಪ ವೈರ್ ಬೇಕು, ಆ 7 ಪಿನ್ನಿನದ್ದು ಸಾಲದು. 4 ಗೇಜ್ ಎಳೆದರೆ ಅದೇ ದೂರಕ್ಕೆ, ಅದೇ 20 ಆಂಪಿಗೆ ನಷ್ಟ 0.2 ವೋಲ್ಟಿಗೆ ಇಳಿಯುತ್ತದೆ. ಎರಡೂ ತುದಿಯಲ್ಲಿ, ಬ್ಯಾಟರಿಗೆ ಹತ್ತಿರವಾಗಿ ಫ್ಯೂಸ್ ಇರಲೇಬೇಕು. ವೈರಿನ ಎರಡೂ ತುದಿಗಳಲ್ಲಿ ಬ್ಯಾಟರಿ ಇದೆ, ನಡುವೆ ಎಲ್ಲಿ ಉಜ್ಜಿ ಹರಿದರೂ ಎರಡೂ ಕಡೆಯಿಂದ ಬೆಂಕಿ. ಈ ಕೆಲಸ ಬೇಸರದ್ದು. ಟ್ರಕ್ಕಿನ ಕೆಳಗೆ ಬೆನ್ನ ಮೇಲೆ ಮಲಗಬೇಕು, ಮೈಯೆಲ್ಲ ಮಣ್ಣು. ಜನ ಇನ್ನೊಂದು ಪ್ಯಾನೆಲ್ ಕೊಂಡು ಸಮಾಧಾನ ಪಡುವುದು ಇದಕ್ಕೇ ಅಂತ ನನ್ನ ಗುಮಾನಿ.

ಸೀಸದ ಬ್ಯಾಟರಿ ಇರುವವರಿಗೆ ಎರಡೂ ಯಾಕೆ ಬೇಕು? ಅದು ಶೇಕಡಾ 80ರವರೆಗೆ ಕೊಟ್ಟಷ್ಟನ್ನೂ ಬೇಗ ತೆಗೆದುಕೊಳ್ಳುತ್ತದೆ. ಆಮೇಲಿನ 20 ಮಾತ್ರ ಅದರ ಮರ್ಜಿ. ಎಷ್ಟೇ ದೊಡ್ಡ ಆಲ್ಟರ್ನೇಟರ್ ಇದ್ದರೂ ಕೊನೆಯ ಭಾಗಕ್ಕೆ ಗಂಟೆಗಟ್ಟಲೆ ಬೇಕು, ಅದೂ ಸಣ್ಣ ಕರೆಂಟಿನಲ್ಲಿ. ಅಷ್ಟು ಹೊತ್ತು ಯಾರು ಟ್ರಕ್ ಓಡಿಸುತ್ತಾರೆ? ಹಾಗಂತ ಅರೆಬರೆ ತುಂಬಿಸಿ ಬಿಡುತ್ತಾ ಹೋದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಬ್ಯಾಟರಿ ಬೇಗ ಸಾಯುತ್ತದೆ. ಇಲ್ಲಿ ಬಿಸಿಲು ಬಲು ಚೆನ್ನಾಗಿ ಹೊಂದುತ್ತದೆ. ಬೆಳಗ್ಗೆ ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವಾಗ ಎಂಜಿನ್ ದೊಡ್ಡ ಪಾಲು ತುಂಬಿಸಲಿ. ಮಧ್ಯಾಹ್ನ ನಿಂತಲ್ಲಿ ಪ್ಯಾನೆಲ್ ನಿಧಾನವಾಗಿ 4–5 ಆಂಪಿನಲ್ಲಿ ಉಳಿದದ್ದನ್ನು ಮುಗಿಸಲಿ. 100 ವ್ಯಾಟಿನ ಒಂದೇ ಪ್ಯಾನೆಲ್ ಕೂಡ ಈ ಕೆಲಸಕ್ಕೆ ಸಾಕು.

ಲಿಥಿಯಂ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಈ ವಾದ ನಡೆಯುವುದಿಲ್ಲ. ಅದು ಹೆಚ್ಚುಕಡಿಮೆ ಕೊನೆಯ ತನಕ ಕೊಟ್ಟಷ್ಟನ್ನೂ ನುಂಗುತ್ತದೆ. ಅರ್ಧ ತುಂಬಿ ಬಿಟ್ಟರೂ ಅದಕ್ಕೇನೂ ಬೇಜಾರಿಲ್ಲ. ದಿನಾ ಒಂದೆರಡು ಗಂಟೆ ಓಡಿಸುವವರಿಗೆ ಡಿಸಿ-ಡಿಸಿ ಒಂದೇ ಸಾಕಾಗುತ್ತದೆ. ಪ್ಯಾನೆಲ್ ಬೇಕಾಗುವುದು ಒಂದೇ ಕಡೆ ನಾಲ್ಕೈದು ದಿನ ಕೂರುವವರಿಗೆ, ಅದೂ ಬಯಲಲ್ಲಿ. ಮರದ ನೆರಳು ಹುಡುಕಿ ನಿಲ್ಲಿಸುವವರು ಪ್ಯಾನೆಲ್ಲಿಗೆ ದುಡ್ಡು ಹಾಕುವುದು ಸುಮ್ನೆ. ಒಂದು ಕೊಂಬೆಯ ನೆರಳು ಒಂದು ಮೂಲೆಗೆ ಬಿದ್ದರೂ ಇಡೀ ಪ್ಯಾನೆಲ್ಲಿನ ಅರ್ಧ ಶಕ್ತಿ ಹೋಗಬಹುದು.

ನಿಂತಲ್ಲೇ ಎಂಜಿನ್ ಸ್ಟಾರ್ಟ್ ಮಾಡಿ ಚಾರ್ಜ್ ಮಾಡುತ್ತೇವೆ ಅನ್ನುವವರೂ ಇದ್ದಾರೆ. ಬೇಡ. ಓಡುವಾಗ 30 ಆಂಪ್ ಮಾಡಲು ಗಂಟೆಗೆ ಹೆಚ್ಚೆಂದರೆ ಮೂರನೇ ಒಂದು ಲೀಟರ್ ಪೆಟ್ರೋಲ್ ಜಾಸ್ತಿ ಹೋದೀತು. ಸುಮ್ಮನೆ ನಿಂತ ದೊಡ್ಡ ಎಂಜಿನ್ ತಾನು ತಿರುಗುವುದಕ್ಕೇ ಅದರ ಎಷ್ಟೋ ಪಟ್ಟು ಸುಡುತ್ತದೆ. ಆಗ ಆಲ್ಟರ್ನೇಟರಿನ ಫ್ಯಾನ್ ಕೂಡ ನಿಧಾನವಾಗಿ ತಿರುಗುವುದರಿಂದ ಅದು ತುಂಬಾ ಬಿಸಿಯಾಗುತ್ತದೆ. ಪಕ್ಕದ ಕ್ಯಾಂಪಿನವರ ಬೈಗುಳ ಬೇರೆ.

ಎರಡನ್ನೂ ಒಂದೇ ಬ್ಯಾಟರಿಗೆ ಜೋಡಿಸಿದರೆ ಒಂದಕ್ಕೊಂದು ಜಗಳ ಆಡುತ್ತವಾ ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲ. ಎರಡರ ಕರೆಂಟೂ ಕೂಡಿಕೊಳ್ಳುತ್ತದೆ. ಬ್ಯಾಟರಿ ತುಂಬುತ್ತಾ ಬಂದಾಗ ಯಾವುದರ ವೋಲ್ಟೇಜ್ ಸೆಟ್ಟಿಂಗ್ ಕಡಿಮೆ ಇದೆಯೋ ಅದು ಮೊದಲು ಕೈ ಕಟ್ಟಿ ಕೂರುತ್ತದೆ, ಇನ್ನೊಂದು ಕೆಲಸ ಮುಗಿಸುತ್ತದೆ. ಎರಡರಲ್ಲೂ ಒಂದೇ ಸಂಖ್ಯೆ ಹಾಕಿಟ್ಟರೆ ಆಯಿತು. ಒಳಗೆ ಬಂದ, ಹೊರಗೆ ಹೋದ ಕರೆಂಟನ್ನೆಲ್ಲ ಎಣಿಸುವ ಷಂಟ್ ಮಾನಿಟರ್ ಒಂದು ಹಾಕಿ. ಎಲ್ಲ ನೆಗೆಟಿವ್ ವೈರುಗಳೂ ಅದರ ಮೂಲಕವೇ ಹೋಗಬೇಕು. ವೋಲ್ಟೇಜ್ ನೋಡಿ ಲಿಥಿಯಂ ಬ್ಯಾಟರಿಯ ಹೊಟ್ಟೆ ಅಳೆಯಲು ಆಗುವುದಿಲ್ಲ, ನಡುವಿನಲ್ಲಿ ಅದು ಕದಲುವುದೇ ಇಲ್ಲ.

ಲಿಥಿಯಂ ಹಾಕಿ, ಡಿಸಿ-ಡಿಸಿ ಬಿಟ್ಟು ಬರೀ ರಿಲೇ (ಎರಡು ಬ್ಯಾಟರಿಗಳನ್ನು ನೇರವಾಗಿ ಜೋಡಿಸುವ ಸ್ವಿಚ್ಚು) ಸಾಕು ಅನ್ನುವವರ ಜೊತೆ ಮಾತ್ರ ನನಗೆ ರಾಜಿ ಇಲ್ಲ. ದಪ್ಪ ವೈರಿನ ಜೊತೆ ಬರೀ ರಿಲೇ ಹಾಕಿದರೆ ಬ್ಯಾಟರಿ ಆಲ್ಟರ್ನೇಟರಿನಿಂದ ಸಿಕ್ಕಷ್ಟೂ ಎಳೆಯುತ್ತದೆ, ಆಲ್ಟರ್ನೇಟರ್ ಸುಟ್ಟುಕೊಳ್ಳಬಹುದು. ಚಳಿ ದೇಶದಲ್ಲಿ ಇನ್ನೊಂದು ಅಪಾಯ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಸೆಲ್ಲುಗಳನ್ನು ಚಾರ್ಜ್ ಮಾಡಬಾರದು. ಅದಕ್ಕೇ ಒಳ್ಳೆಯ ಬ್ಯಾಟರಿಗಳ ಒಳಗಿನ ಬಿಎಂಎಸ್ (ಸೆಲ್ಲುಗಳನ್ನು ಕಾಯುವ ಎಲೆಕ್ಟ್ರಾನಿಕ್ ಕಾವಲುಗಾರ) ಆಗ ಚಾರ್ಜಿಂಗ್ ಕತ್ತರಿಸುತ್ತದೆ. ಭಾರವಾಗಿ ದುಡಿಯುತ್ತಿದ್ದ ಆಲ್ಟರ್ನೇಟರಿನ ಮುಂದಿನಿಂದ ಬ್ಯಾಟರಿ ಹಾಗೆ ಒಮ್ಮೆಲೇ ಮಾಯವಾದರೆ ವೋಲ್ಟೇಜ್ ಮೇಲಕ್ಕೆ ಚಿಮ್ಮುತ್ತದೆ, ಅದರ ಡಯೋಡುಗಳು ಹೋಗಬಹುದು. ನಡುವೆ ಡಿಸಿ-ಡಿಸಿ ಇದ್ದರೆ ಆ ಪೆಟ್ಟು ಟ್ರಕ್ಕಿಗೆ ತಲುಪುವುದಿಲ್ಲ. ಬ್ಯಾಟರಿಗೆ ಅಷ್ಟು ದುಡ್ಡು ಸುರಿದವರು ಇದೊಂದಕ್ಕೆ ಯಾಕೆ ಕೈ ಬಿಗಿ ಹಿಡಿಯುತ್ತಾರೋ ನನಗಂತೂ ಅರ್ಥವಾಗಿಲ್ಲ.