ಒಂದು ಸೆಂಟಿಗೆ ನಾಲ್ಕು ಸೆಂಟು

ಅಮೆರಿಕದ ಪೆನ್ನಿ ನಾಣ್ಯ ತೀರಿಕೊಂಡಿತು. 1793ರಲ್ಲಿ ಹುಟ್ಟಿದ್ದು. 2025ರ ನವೆಂಬರ್ 12ರಂದು ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಚಲಾವಣೆಗೆಂದು ಕೊನೆಯ ಸಲ ಅಚ್ಚಾಯಿತು. 232 ವರ್ಷ, ತುಂಬು ಬಾಳು. ಅಳುವವರು ಅಳಲಿ. ಇಷ್ಟು ದಿನ ಬದುಕಿದ್ದೇ ಸೋಜಿಗ ಅನ್ನುವ ಪೈಕಿ ನಾನು.

ಒಂದು ಸೆಂಟಿನ ಈ ನಾಣ್ಯ ಮಾಡಲು (ಸೆಂಟು ಅಂದರೆ ಕಂಕುಳಿಗೆ ಹಾಕಿಕೊಳ್ಳುವುದಲ್ಲ, ಡಾಲರಿನ ನೂರನೇ ಒಂದು ಭಾಗ) 2024ರ ಹಣಕಾಸು ವರ್ಷದಲ್ಲಿ ಸರ್ಕಾರಕ್ಕೆ ಬಿದ್ದ ಖರ್ಚು 3.69 ಸೆಂಟು. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಇಲ್ಲಿ ಮೂಗುತಿ ಮೂಗಿನ ಮೂರೂವರೆ ಪಟ್ಟು ತೂಗುತ್ತಿತ್ತು. ನೀವೋ ನಾನೋ ಇಂಥ ವ್ಯಾಪಾರ ಮಾಡಿದ್ದರೆ ಮನೆಯವರು ಕೈಗೆ ಕಾಸು ಕೊಡುವುದನ್ನೇ ನಿಲ್ಲಿಸುತ್ತಿದ್ದರು. ಸರ್ಕಾರ ಮಾಡಿದರೆ ಅದು ಆರ್ಥಿಕ ನೀತಿ. ಒಂದು ವರ್ಷದ ಎಡವಟ್ಟೂ ಅಲ್ಲ. 2006ರಿಂದ ಪ್ರತಿ ವರ್ಷ ನಷ್ಟವೇ. 2024ರಲ್ಲಿ ಸುಮಾರು 8.5 ಕೋಟಿ ಡಾಲರ್ ಹೋಯಿತು.

ಅಷ್ಟೊಂದು ಪೆನ್ನಿ ಎಲ್ಲಿಗೆ ಹೋಗುತ್ತಿತ್ತು? ಅಂಗಡಿಯಲ್ಲಿ ಚಿಲ್ಲರೆಯಾಗಿ ಸಿಕ್ಕಿದ್ದು ಸೀದಾ ಮನೆಯ ಡಬ್ಬಿಗೆ. ಡಬ್ಬಿಯಿಂದ ಮತ್ತೆ ಹೊರಗೆ ಬರುತ್ತಿರಲಿಲ್ಲ. ಅಂಗಡಿಯವನಿಗೆ ಪೆನ್ನಿ ಸಾಲದು. ಬೇಡಿಕೆ ಇದೆಯಲ್ಲ ಅಂತ ಟಂಕಸಾಲೆ ಇನ್ನಷ್ಟು ಅಚ್ಚು ಹಾಕುತ್ತಿತ್ತು. ಅದೂ ಡಬ್ಬಿಗೆ. ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ಅಲ್ಲ, ಕೊಡ ಸೋರಿದರೆ ನೆಲವಾದರೂ ತಣ್ಣಗಾಗುತ್ತದೆ.

ಸರಿ, ಕರಗಿಸೋಣ ಅಂದಿರಾ? ಜೋಪಾನ. ಹಳೆಯ ಪೆನ್ನಿಗಳಲ್ಲಿ ನೂರಕ್ಕೆ 95 ಪಾಲು ತಾಮ್ರ. ನಾಣ್ಯದ ಬೆಲೆಗಿಂತ ತಾಮ್ರದ ಬೆಲೆಯೇ ಜಾಸ್ತಿಯಾದಾಗ, ಜನ ಎಲ್ಲಿ ಕುಲುಮೆ ಹೊತ್ತಿಸುತ್ತಾರೋ ಅಂತ 2006ರಲ್ಲಿ ನಿಷೇಧ ಬಂತು. ಕರಗಿಸಿದರೆ 10,000 ಡಾಲರ್ ತನಕ ದಂಡ, ಐದು ವರ್ಷದ ತನಕ ಜೈಲು. ಪೆನ್ನಿಯಿಂದ ನಷ್ಟ ಮಾಡಿಕೊಳ್ಳುವುದು ಸರ್ಕಾರದ ಹಕ್ಕು. ಲಾಭ ಮಾಡಿಕೊಳ್ಳುವುದು ಅಪರಾಧ. 1982ರಿಂದೀಚಿನ ಪೆನ್ನಿಗಳಲ್ಲಿ ಅಷ್ಟು ತಾಮ್ರವೂ ಇಲ್ಲ ಬಿಡಿ. ಒಳಗೆಲ್ಲ ಸತು, ಮೇಲೊಂದು ತಾಮ್ರದ ತೆಳು ಹೊದಿಕೆ. ಮೇಲೆ ಥಳಕು, ಒಳಗೆ ಹುಳುಕು.

ಪೆನ್ನಿ ಹೋದರೆ ಬಡವರ ಗತಿಯೇನು ಅಂತ ವರ್ಷಗಟ್ಟಲೆ ಕಣ್ಣೀರಿಟ್ಟ ಸಂಘವೂ ಒಂದಿತ್ತು. ಅದರ ಖರ್ಚಿಗೆ ದುಡ್ಡು ಬರುತ್ತಿದ್ದದ್ದು ಸತುವಿನ ಉದ್ಯಮದಿಂದ. ಬಡವರ ಬಗ್ಗೆ ಲೋಹಕ್ಕೆ ಎಷ್ಟು ಕರುಣೆ ನೋಡಿ!

ಕೆನಡಾ 2012ರಲ್ಲೇ ತನ್ನ ಪೆನ್ನಿ ನಿಲ್ಲಿಸಿತು. ಆಸ್ಟ್ರೇಲಿಯಾ 1992ರಲ್ಲಿ ಒಂದು, ಎರಡು ಸೆಂಟಿನ ನಾಣ್ಯ ವಾಪಸು ಪಡೆಯಿತು. ಅವುಗಳಲ್ಲಿ ಕೆಲವು ಕರಗಿ 2000ದ ಸಿಡ್ನಿ ಒಲಿಂಪಿಕ್ಸ್‌ನ ಕಂಚಿನ ಪದಕ ಸೇರಿದವು. ಅಲ್ಲಿ ಚಿಲ್ಲರೆಗೂ ಮೂರನೇ ಸ್ಥಾನ ಸಿಕ್ಕಿತು.

ಅಮೆರಿಕಕ್ಕೂ ಕೊನೆಗೆ ಬುದ್ಧಿ ಬಂತು ಅಂದುಕೊಂಡಿರಾ? ಪೆನ್ನಿ ಇಲ್ಲದಿದ್ದರೆ ನಗದು ಬಿಲ್ಲನ್ನು ಹತ್ತಿರದ ಐದು ಸೆಂಟಿಗೆ ಹೊಂದಿಸಬೇಕು. ಅದಕ್ಕೆ ನಿಕಲ್ ಅನ್ನುವ ಐದು ಸೆಂಟಿನ ನಾಣ್ಯ ಬೇಕು. ಒಂದು ನಿಕಲ್ ಮಾಡಲು 2024ರಲ್ಲಿ ತಗುಲಿದ್ದು 13.78 ಸೆಂಟು. ಪೆನ್ನಿಯೊಂದಕ್ಕೆ ಎರಡೂವರೆ ಸೆಂಟಿಗೂ ಮೇಲೆ ಕಳೆದುಕೊಳ್ಳುತ್ತಿದ್ದವರು ಇನ್ನು ನಿಕಲ್ಲೊಂದಕ್ಕೆ ಎಂಟೂಮುಕ್ಕಾಲು ಸೆಂಟು ಕಳೆದುಕೊಳ್ಳಬಹುದು.

ನಿಕಲ್ ಪೆನ್ನಿಗಿಂತ ಅಗಲ, ದಪ್ಪವೂ ಹೌದು. ಡಬ್ಬಿ ಕೊಂಚ ದೊಡ್ಡದೇ ನೋಡಿ ತರಬೇಕು.